ಮಹಾಲಿಂಗಪ್ಪನ ಕೂಗಿಗೆ ನಾನು ಮಾಡಿದ್ದು

ನನಗೆ ಸಂಬಳ ಬರುವುದು ಹೆದರಿಸುವ ಕೆಲಸಕ್ಕೆ. ಹಾನಗಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಯೀಮಣ್ಣನ ರೆಕಾರ್ಡಿಂಗ್ ಅಂಗಡಿ ಇದೆ. ಅಂಗಡಿ ಅಂದರೆ ಒಂದೂವರೆ ಕೋಣೆ. ಆ ಅರ್ಧ ಕೋಣೆಯ ಗೋಡೆಗೆ ಹಳೆಯ ಗಾದಿಗಳನ್ನು ಮೊಳೆ ಹೊಡೆದು ಸ್ಟುಡಿಯೋ ಎಂದು ಕರೆಯುತ್ತೇವೆ. ನಯೀಮಣ್ಣ ಸವಣೂರಿನವನು, ಒಳ್ಳೆಯ ಕಂಠದವನು. ಆಟೋಕ್ಕೆ ಮೈಕು ಕಟ್ಟಿ ಊರೂರು ತಿರುಗಿಸುವ ಸೀರೆ ಮಾರಾಟದ ಜಾಹೀರಾತು, ನೀರು ಬಿಡುವ ದಿನದ ಪ್ರಕಟಣೆ, ಕಣ್ಣು ತಪಾಸಣೆಯ ಶಿಬಿರ ಎಲ್ಲವೂ ಅವನ ದನಿಯೇ. ನನ್ನ ಕಂಠಕ್ಕೆ ಗಿರಾಕಿ ಇಲ್ಲ. ಹೀಗಾಗಿ ನನ್ನ ಪಾಲಿಗೆ ಬಂದದ್ದು ದೆವ್ವದ ವಿಭಾಗ.

ಶಿಗ್ಗಾಂವ ಕಡೆಯ ಹಳ್ಳಿಗಳಲ್ಲಿ ನಾಟಕ ಆಡುವವರು ಬಂದು ಮೂರನೇ ಅಂಕದಲ್ಲಿ ಸತ್ತ ಸೊಸೆ ಬರುತ್ತಾಳೆ, ಒಂದು ಸೌಂಡು ಬೇಕು ಅನ್ನುತ್ತಾರೆ. ಹಿರೇಕೆರೂರು ಕಡೆಯ ರೈತರು ಹಂದಿ ಮಷಿನ್ನಿಗೆ ಸೌಂಡು ಕೇಳುತ್ತಾರೆ. ಹಂದಿ ಮಷಿನ್ನು ಅಂದರೆ ಒಂದು ಸೋಲಾರ್ ತಟ್ಟೆ, ಒಂದು ಬ್ಯಾಟರಿ, ಒಂದು ತುತ್ತೂರಿ ಸ್ಪೀಕರು. ಗೋವಿನಜೋಳದ ನಡುವೆ ಕಂಬಕ್ಕೆ ಬಿಗಿದರೆ ಹಗಲು ಗಿಳಿ, ಮಂಗಗಳಿಗೂ ಕತ್ತಲಾದ ಮೇಲೆ ಕಾಡುಹಂದಿಗೂ ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಕೂಗುತ್ತದೆ. ಮೊದಲು ಹುಲಿಯ ಗರ್ಜನೆ ಹಾಕಿಕೊಟ್ಟಿದ್ದೆವು. ನಮ್ಮ ಕಡೆಯ ಹಂದಿಗಳು ಹುಲಿಯನ್ನು ಕಂಡಿಲ್ಲ. ಸ್ಪೀಕರಿನ ಕೆಳಗೇ ನಿಂತು ತೆನೆ ತಿಂದು ಹೋದವು. ಅವು ಹೆದರುವುದು ಮನುಷ್ಯನಿಗೆ. ಅದಕ್ಕೂ ಹೆಚ್ಚು ಹೆದರುವುದು ಎಲ್ಲೋ ಏನೋ ಸರಿಯಿಲ್ಲದ ಮನುಷ್ಯನಿಗೆ.

ಸರಿಯಿಲ್ಲದ ಮನುಷ್ಯನನ್ನು ಮಾಡುವುದು ಕಷ್ಟವಲ್ಲ. ಒಂದು ಕೂಗನ್ನು ಲ್ಯಾಪ್‌ಟಾಪಿನಲ್ಲಿ ಅರ್ಧ ವೇಗಕ್ಕೆ ಇಳಿಸಿದರೆ ಗಂಟಲು ನೆಲದೊಳಗೆ ಇಳಿಯುತ್ತದೆ. ಆಮೇಲೆ ಅದನ್ನು ಹಿಂದುಮುಂದಾಗಿ ತಿರುಗಿಸಬೇಕು, ತಿರುಗಿಸಿದ್ದಕ್ಕೆ ಪ್ರತಿಧ್ವನಿ ಸೇರಿಸಬೇಕು, ಮತ್ತೆ ತಿರುಗಿಸಿ ನೆಟ್ಟಗೆ ಮಾಡಬೇಕು. ಆಗ ಮೊದಲು ಪ್ರತಿಧ್ವನಿ ಬರುತ್ತದೆ, ಕೂಗು ಆಮೇಲೆ. ಯಾರೋ ಇನ್ನೂ ಬಾಯಿ ತೆರೆದಿಲ್ಲ, ಅವರ ದನಿ ಮಾತ್ರ ಆಗಲೇ ನಿಮ್ಮ ಬೆನ್ನ ಹಿಂದೆ ಬಂದು ನಿಂತಿದೆ. ಇಷ್ಟನ್ನು ಬಲ್ಲ ಮಹಾನುಭಾವನಾದ ನಾನು ಈ ಕೆಲಸವನ್ನು ಬಾಗಿಲು ತೆರೆದಿಟ್ಟೇ ಮಾಡುತ್ತೇನೆ. ಹಾಡುಹಗಲು, ಎದುರಿಗೆ ಮಿರ್ಚಿ ಕರಿಯುವ ಗಾಡಿ, ಆದರೂ ಹೆಡ್‌ಫೋನು ಒಂದೇ ಕಿವಿಗೆ. ಇನ್ನೊಂದು ಕಿವಿ ಹಿಂದೆ ಯಾರಾದರೂ ಬಂದಾರು ಎಂದು ಕಾವಲಿಗೆ.

ನಾಗವ್ವ ಬಂದದ್ದು ಆ ಕಾವಲಿನ ಕಿವಿಯ ಕಡೆಯಿಂದ. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಸಂತೆ ಚೀಲ.

"ಇಲ್ಲಿ ಹಂದಿಗೆ ಸದ್ದ ಮಾಡಾಂವ ಯಾರು?"

ನಾನು ಕುರ್ಚಿಯಿಂದ ಅರ್ಧ ಎದ್ದೇ ಬಿಟ್ಟಿದ್ದೆ. "ನಾನ ರೀ ಅಕ್ಕಾರ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಂದಿಗೋಳ ನಿನ್ನ ಓಡಸ್ತಾವು ಅನಸ್ತೈತಲ್ಲೋ ತಮ್ಮಾ."

ಒಳಗಿನಿಂದ ನಯೀಮಣ್ಣ ನಕ್ಕ. ನಾಗವ್ವ ಸೆರಗಿನ ಗಂಟು ಬಿಚ್ಚಿ ಒಂದು ಮೆಮರಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ನಮ್ಮ ಕಡೆ ಎಲ್ಲರೂ ಅದಕ್ಕೆ ಚಿಪ್ಪು ಅನ್ನುವುದು. ಹಂಸಭಾವಿಯ ಹತ್ತಿರ ಅವಳದು ಮೂರು ಎಕರೆ ಗೋವಿನಜೋಳ. ಗಂಡ ಹೋದ ವರ್ಷ ಯುಗಾದಿಗೆ ಮುಂಚೆ ಎದೆ ಹಿಡಿದು ತೀರಿಕೊಂಡಿದ್ದ. ಇದು ಅವನ ಗುಂಡಿ ಒತ್ತುವ ಫೋನಿನ ಚಿಪ್ಪು.

"ಇದರಾಗ ನಮ್ಮನಿಯವರ ಕೂಗ ಐತಿ. ಅವರು ಅಟ್ಟಣಿಗಿ ಮ್ಯಾಲೆ ನಿಂತು ಕೂಗಿದ್ರ ಚಿಕ್ಕೇರೂರ ತನಕ ಕೇಳತಿತ್ತು. ಅವರು ಇರೋಮಟ ಒಂದ ಹಂದಿ ನಮ್ಮ ಹೊಲಾ ತುಳದಿಲ್ಲ. ಈ ವರ್ಷ ಅರ್ಧಾ ಎಕರೆ ಹೊಳ್ಳಾಡಿ ಹೋಗ್ಯಾವು."

"ಚೀಟಿ ಯಾರ ಹೆಸರಿಗೆ ಬರೀಲಿ? ಯಜಮಾನರ ಹೆಸರೇನ್ರಿ?" ಎಂದು ನಯೀಮಣ್ಣ ಕೇಳಿದ.

ಗಂಡನ ಹೆಸರು ಬಾಯಲ್ಲಿ ಆಡುವ ಪೈಕಿ ಅಲ್ಲ ಅವಳು. "ಈಶ್ವರನ ಗುಡ್ಯಾಗ ಇರ್ತೈತಲ್ಲ, ಅದ. ಸಣ್ಣದಲ್ಲ, ದೊಡ್ಡದು."

"ಮಹಾಲಿಂಗಪ್ಪ?"

"ಹ್ಞೂಂ." ಆಮೇಲೆ ನನ್ನ ಕಡೆ ತಿರುಗಿದಳು. "ಏನೂ ಸೇರಸಬ್ಯಾಡ ತಮ್ಮಾ. ಏನೂ ತಗೀಬ್ಯಾಡ. ಹೆಂಗ ಐತಿ ಹಂಗ ಹಂದಿ ಮಷಿನ್ನಿಗೆ ಹಾಕಿಕೊಡು. ಅವರ ದನಿ ಅಂತ ಇರೂದು ಅದೊಂದ. ಮಗಳ ಮದಿವಿ ವಿಡಿಯೋದಾಗ ಅದಾರ, ಅದರ ಆ ಪುಣ್ಯಾತ್ಮ ಉದ್ದಕ್ಕೂ ಹಾಡ ಹಾಕ್ಯಾನ. ಬರೇ ತುಟಿ ಅಳ್ಳಾಡ್ತಾವು. ನಾ ಸಂತಿ ಮಾಡಿ ಬರ್ತೇನಿ. ನಾಕೂವರಿ ಬಸ್ಸಿಗೆ ಹೋಗ್ಬೇಕು."

ಅವಳು ಹೋದ ಮೇಲೆ ಕೇಳಿದೆ. ಹದಿನಾಲ್ಕು ಸೆಕೆಂಡು. ಹೊಸದಾಗಿ ಫೋನು ಕೊಂಡವನು ಗುಂಡಿ ಒತ್ತಿ ನೋಡಿದ್ದಿರಬೇಕು. "ಹೋ... ಹೋ... ಹುರ್ರಾ... ಹೋಯ್" ಎಂದು ಮೂರು ಸಲ, ಎದೆಯಿಂದ ಎದ್ದ ದನಿ. ಆಮೇಲೆ ಸ್ವಲ್ಪ ಗಾಳಿ. ಕೊನೆಗೆ, ಬೇರೆಯೇ ದನಿಯಲ್ಲಿ, ಮೆತ್ತಗೆ, ಉದ್ದಕ್ಕೆ, "ನಾಗೀ..." ಅಷ್ಟೇ.

ಹೆಂಡತಿಯನ್ನು ಕರೆದದ್ದು ಎಂದು ನನಗೆ ಅರ್ಥವಾಗಿತ್ತು. ಅರ್ಥವಾಗಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ನನ್ನೊಳಗಿನ ಕುಶಲಕರ್ಮಿ ಕೇಳಿದ: ಇದ್ದದ್ದನ್ನು ಇದ್ದ ಹಾಗೆ ಹಾಕಿಕೊಡುವುದಾದರೆ ನೀನು ಯಾಕೆ, ಮೊಬೈಲ್ ರಿಪೇರಿಯವನು ಸಾಲದೇ? ಹಂದಿಗಳ ಒಳಿತಿಗಾಗಿ, ಅಂದರೆ ಕೆಡುಕಿಗಾಗಿ, ನಾನು ಕೈ ಹಚ್ಚಿದೆ. ವೇಗ ಅರ್ಧಕ್ಕೆ ಇಳಿಸಿದೆ, ತಿರುಗಿಸಿದೆ, ಪ್ರತಿಧ್ವನಿ ಸುರಿದೆ, ಮತ್ತೆ ತಿರುಗಿಸಿದೆ. ಮೂರು ಕೂಗೂ ಚೆನ್ನಾಗಿ ಬಂದವು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಆ ಕೊನೆಯ ಕರೆ. ಅದರ ಉದ್ದನೆಯ ಎಳೆತ ಮೊದಲು ಹೊಗೆಯ ಹಾಗೆ ತುಂಬಿಕೊಂಡು, ಆಮೇಲೆ ಒಳಗಿನಿಂದ ಹೆಸರು ಏಳುತ್ತಿತ್ತು. ನನ್ನ ಕೈಮೇಲಿನ ಕೂದಲು ನಿಂತವು. ನಮ್ಮ ಅಂಗಡಿಯಲ್ಲಿ ಸರಕಿನ ಗುಣಮಟ್ಟ ಅಳೆಯುವ ಮಾಪಕ ಅದೇ.

ಗೋಡೆಯ ಮೇಲೆ ನಯೀಮಣ್ಣ ತನ್ನ ಕೈಬರಹದಲ್ಲಿ ಬರೆದು ಅಂಟಿಸಿದ್ದ: ಬಂದದ್ದನ್ನು ಮೊದಲು ಬೇರೆ ಕಡೆ ಕಾಪಿ ಮಾಡು, ಆಮೇಲೆ ಕೈ ಹಚ್ಚು. ನಾನು ಅದರ ಕೆಳಗೇ ಕೂತು, ನಾಲ್ಕೂವರೆ ಬಸ್ಸಿನ ಗಡಿಬಿಡಿಯಲ್ಲಿ, ಅದೇ ಫೈಲಿನ ಮೇಲೆ ಸೇವ್ ಮಾಡಿದೆ. ಮಷಿನ್ನು ಚಿಪ್ಪಿನಲ್ಲಿ ಇರುವುದನ್ನೆಲ್ಲ ಒಂದಾದ ಮೇಲೊಂದು ಕೂಗುತ್ತದೆ, ಹಳೆಯ ಹಾಡುಗಳಿದ್ದರೆ ಹಂದಿಗಳು ಕುಣಿದಾವು ಎಂದು ಚಿಪ್ಪನ್ನು ಪೂರಾ ಅಳಿಸಿ ಹೊಸದನ್ನು ತುಂಬಿದೆ. ನಾಗವ್ವ ಚಿಪ್ಪನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು ಮಷಿನ್ನು ಹೊತ್ತುಕೊಂಡು ಹೋದಳು. ಬಸ್ಸು ಹಿಡಿಯುವ ಅವಸರದಲ್ಲಿ ಕೇಳಿಸಿಕೊಳ್ಳಲಿಲ್ಲ. ನಾನೂ ಕೇಳಿಸಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಅಂಗಡಿಗೆ ಫೋನು ಬಂತು. ಖತೀಜಾಬಿ ಎಂಬ ಹೆಂಗಸು. ಹಂಸಭಾವಿ ಸುತ್ತಿನಲ್ಲಿ ತೆನೆ ಮುರಿಯುವ ಆಳುಗಳ ಗುಂಪು ಕಟ್ಟಿ ನಡೆಸುವವಳು.

"ನಾಗವ್ವನ ಹೊಲದಾಗ ಏನ ಕಟ್ಟಿಸೀರಿ ನೀವು? ನನ್ನ ಹನ್ನೆರಡ ಮಂದಿ ಬದುವಿನ ಮ್ಯಾಲೆ ಕಾಲ ಇಡವಲ್ರು. ತೆನಿ ಒಣಗಿ ಜೋತ ಬಿದ್ದಾವು. ಮಾಡಿದಾಂವನ್ನ ಕಳಸ್ರಿ, ನಾಳಿಗೆ."

ನಯೀಮಣ್ಣ ನನ್ನನ್ನು ನೋಡಿದ. ಲ್ಯಾಪ್‌ಟಾಪಿನಲ್ಲಿದ್ದ ಫೈಲನ್ನು ಹಾಕು ಅಂದ. ಹಾಕಿದೆ. ಪೂರ್ತಿ ಕೇಳದೆಯೇ ಕೈ ಎತ್ತಿ ನಿಲ್ಲಿಸಿದ.

"ರುದ್ರ್ಯಾ, ಇದರ ಅಸಲು ಎಲ್ಲೈತಿ?"

ಅಸಲು ಎಂದರೆ ಮೂಲ. ನಾನು ಗೋಡೆಯ ಮೇಲಿನ ಅವನ ಬರಹ ತೋರಿಸಿ, ಹಾಗೆ ಮಾಡಲಿಲ್ಲ ಅಂದೆ.

ತಿಳವಳ್ಳಿಯಲ್ಲಿ ಬಸ್ಸು ಬದಲಿಸಿ ಹೋದೆ. ನಿಲ್ದಾಣದಲ್ಲಿ ಖತೀಜಾಬಿ ಕಾದಿದ್ದಳು. ಕೈಯಲ್ಲಿ ಕುಡುಗೋಲು ಇತ್ತು. ಅದು ಅವಳ ದಿನದ ಕೆಲಸದ್ದು ಎಂದು ನನಗೆ ನಾನೇ ಹೇಳಿಕೊಂಡೆ.

"ನೀನೇನ ಅಂವ? ನಾ ದೊಡ್ಡಾಂವ ಇರ್ತಾನ ಅನಕೊಂಡಿದ್ನಿ."

ಹೊಲಕ್ಕೆ ನಡೆಯುತ್ತ ಅವಳು ನಾಗವ್ವನ ವಿಷಯ ಹೇಳಿದಳು. ಕಳೆ ತೆಗೆಯುವಾಗ ಹಾವು ಬಂದರೆ ಆಚೆ ಸರಿ ಎಂದು ಅದಕ್ಕೆ ಹೇಳಿ ಮುಂದಿನ ಸಾಲು ಹಿಡಿಯುವ ಹೆಂಗಸು. ಪ್ರತಿ ಬೇಸಿಗೆ ನೀರು ಇಳಿದಾಗ ಮಹಾಲಿಂಗಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗಿಳಿದು ಮೋಟಾರು ಕೆಳಗೆ ಸರಿಸುತ್ತಿದ್ದ. ಮೇಲೆ ಹಗ್ಗ ಹಿಡಿಯುವುದು ನಾಗವ್ವ ಒಬ್ಬಳೇ. ಗಂಡಸರು ಮುಂದೆ ಬಂದರೂ ಅವನು ಕೊಡುತ್ತಿರಲಿಲ್ಲ.

"ಅಂಥಾಕಿ ಈಗ ಹೊಲದಾಗ ಕಾಲ ಇಡವಲ್ಲಳು. ಮೊದಲನೇ ದಿನ ಮಷಿನ್ ಹಚ್ಚಿ ಕೆಳಗ ನಿಂತಾಳ. ಅದು ಬಾಯಿ ತಗದ ಕೂಡ್ಲೆ ಓಡಿ ಬಂದಾಳ. ಬಂದ್ ಮಾಡೂಣಂದ್ರ ಮತ್ತ ಒಳಗ ಹೋಗ್ಬೇಕಲ್ಲ? ಯಾರು ಹೋಗವರು? ನಮ್ಮ ಹೆಣ್ಮಕ್ಕಳಿಗೂ ಹೇಳೇನಿ, ಕಾಣದಲ್ಲೆ ಯಾರರೆ ಕರದ್ರ ಮೂರನೇ ಸಲದ ತನಕ ಓ ಅನಬ್ಯಾಡ್ರಿ ಅಂತ."

"ಯಾಕ ಖಾಲಾ?"

"ಜೀವ ಇದ್ದವರಾದ್ರ ಮೂರ ಸಲ ಕರೀತಾರ. ಇಲ್ಲದವರು ಒಂದ ಸಲ ಕರದು ದಾರಿ ನೋಡ್ತಾರ."

ನಾನು ವಿಜ್ಞಾನ ಓದಿದವನು. ಪಿಯುಸಿಯಲ್ಲಿ ಎರಡು ಸಲ ಓದಿದೆ. ಆದರೂ ಆ ಕರೆ ಹತ್ತು ನಿಮಿಷಕ್ಕೆ ಒಂದೇ ಸಲ ಬರುವ ಹಾಗೆ ಇಟ್ಟವನು ನಾನು ಎಂಬುದು ನೆನಪಾಗಿ ನನ್ನ ನಡಿಗೆ ನಿಧಾನವಾಯಿತು.

ನಾಗವ್ವ ಬಾವಿಯ ಕಟ್ಟೆಯ ಮೇಲೆ ಹೊಲಕ್ಕೆ ಬೆನ್ನು ಮಾಡಿ ಕೂತಿದ್ದಳು. ಇಪ್ಪತ್ತು ದಿನದಲ್ಲಿ ಇಳಿದುಹೋಗಿದ್ದಳು. ಎದುರಿಗೆ ಆಳೆತ್ತರ ಮೀರಿದ ಜೋಳ, ಪೂರ್ತಿ ಒಣಗಿ ಬಿಳಿಚಿಕೊಂಡಿತ್ತು. ಗಾಳಿ ಇರಲಿಲ್ಲ, ಆದರೂ ಎಲೆಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತಿದ್ದವು.

"ಬಂದೇನು ತಮ್ಮಾ," ಅಂದಳು. ಬೈಯಲಿಲ್ಲ. "ಒಂದ ಮಾತ ಹೇಳ್ತೇನಿ. ಅವರು ನಾಕ ಮಂದಿ ಮುಂದ ನನ್ನ ಎಂದೂ ಹೆಸರ ಹಿಡದ ಕರದವರಲ್ಲ. ಇಲ್ಲಿ, ಯಾರೂ ಇಲ್ಲದಾಗ ಅಷ್ಟ. ಅದ ಹೆಸರ ಹಿಡದು ಈಗ ಹಂಗ ಕರೀತಾರಂದ್ರ ನನ್ನ ಮ್ಯಾಲೆ ಏನ ಸಿಟ್ಟೋ ಅಂತ. ದವಾಖಾನಿಗೆ ಒಯ್ಯೂದು ತಡಾ ಮಾಡಿದ್ನಿ, ಅದ ಸಿಟ್ಟ ಇರಬೇಕು."

ಅಷ್ಟರಲ್ಲಿ ಅದು ಕೂಗಿತು. ನೂರು ಹೆಜ್ಜೆ ಒಳಗಿನಿಂದ. ನಾಗವ್ವ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿದಳು. ಮಕ್ಕಳು ಸೂಜಿ ಚುಚ್ಚಿಸಿಕೊಳ್ಳುವಾಗ ಮುಚ್ಚುವ ಹಾಗೆ. ಅದನ್ನು ನೋಡಿದ ಮೇಲೆ ನಾನು ಅಲ್ಲಿ ನಿಲ್ಲುವ ಹಾಗಿರಲಿಲ್ಲ.

ಈಗಷ್ಟೇ ಕೂಗಿದೆ, ಇನ್ನು ಹತ್ತು ನಿಮಿಷ ನನ್ನದು ಎಂದು ಲೆಕ್ಕ ಹಾಕಿ ಒಳಗೆ ನುಗ್ಗಿದೆ. ಸಾಲು ಹಿಡಿದು ನೆಟ್ಟಗೆ ಹೋಗಬೇಕಿತ್ತು. ಹಂದಿ ಹೊರಳಿದ ಜಾಗದಲ್ಲಿ ಸಾಲು ತಪ್ಪಿತು. ಯಾವ ಕಡೆ ತಿರುಗಿದರೂ ಒಂದೇ ಬಣ್ಣದ ಎಲೆ, ಅದೇ ಸದ್ದು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಅಲ್ಲ, ಒಂದು ಗಳಿಗೆ ತಡವಾಗಿ ನಿಲ್ಲುತ್ತಿತ್ತು. ಮಟಮಟ ಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ, ನನಗೆ ಹಲ್ಲು ಕಟಕಟ. ಎಲೆಯ ಅಂಚು ಮುಖ ಕೊಯ್ಯುತ್ತಿತ್ತು. ಮೊಬೈಲು ತೆಗೆದು ಸಮಯ ನೋಡಿದೆ. ಒಂಬತ್ತು ನಿಮಿಷ ಆಗಿತ್ತು.

ಮೊದಲು ಪ್ರತಿಧ್ವನಿ ಬಂತು. ಅದು ಎತ್ತಲಿಂದಲೂ ಬರಲಿಲ್ಲ, ಜೋಳದ ನಡುವೆ ಅಲ್ಲಲ್ಲೇ ತುಂಬಿಕೊಂಡಿತು. ಇದನ್ನು ಮಾಡಿದ್ದು ನಾನೇ, ಮಂಗಳವಾರ ಮೂರು ಗಂಟೆಗೆ, ಚಹಾ ಕುಡಿಯುತ್ತ ಎಂದು ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟೆ. ಮೂರು ಕೂಗು ನನ್ನ ಮೇಲೆ ಹಾದುಹೋದವು. ಆಮೇಲೆ ನೆಲದ ಕೆಳಗಿನಿಂದ, ಕಿವಿಯ ಪಕ್ಕದಲ್ಲೇ, "ನಾ... ಗೀ..."

"ಓ," ಅಂದೆ ನಾನು.

ಅದೂ ಸಣ್ಣಗಲ್ಲ. ಹೊರಗೆ ಬದುವಿನ ಮೇಲಿಂದ ಖತೀಜಾಬಿ ಕಿರುಚಿದ್ದು ಕೇಳಿಸಿತು. "ಯಾ ಅಲ್ಲಾ, ಓ ಅಂದಬಿಟ್ಟನ ಇಂವ."

ಕಂಬ ನನ್ನಿಂದ ಎಂಟು ಹೆಜ್ಜೆ ದೂರದಲ್ಲೇ ಇತ್ತು. ವೈರು ಕಿತ್ತೆ. ಚಿಪ್ಪು ತೆಗೆದುಕೊಂಡು, ತೆವಳಿದೆನೋ ಓಡಿದೆನೋ, ಹೊರಗೆ ಬಂದೆ. ಖತೀಜಾಬಿ ಮೊದಲು ನನ್ನ ಪಾದ ನೆಟ್ಟಗಿವೆಯೇ ಎಂದು ನೋಡಿದಳು. ಆಮೇಲೆ ನೀರು ಕೊಟ್ಟಳು.

ನಾಗವ್ವನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಇದು ಅವರ ಸಿಟ್ಟಲ್ಲ, ನನ್ನ ಕೈಚಳಕ. ನಿಧಾನ ಮಾಡಿದ್ದು, ತಿರುಗಿಸಿದ್ದು, ಎಲ್ಲ. ಅವಳು ಬಾವಿಯ ಕಟ್ಟೆಗೆ ಕೈ ಊರಿದಳು. ಹೆಗಲು ಇಳಿದವು. ಖತೀಜಾಬಿ ಬಾಯಿ ತೆರೆದು ನನ್ನ ವಂಶದ ಬಗ್ಗೆ ಏನೋ ಹೇಳಲಿದ್ದಳು, ನಾಗವ್ವ ತಡೆದಳು.

"ಹಂಗಾರ ಸಿಟ್ಟ ಇಲ್ಲ ಅಂದಂಗ ಆತು."

"ಇಲ್ರಿ ಅಕ್ಕಾರ."

"ಆತು ಬಿಡು. ಮೊದಲಿಂದ ಹಾಕು. ನಾ ಕೇಳ್ತೇನಿ."

ಆ ಮೊದಲಿನದು ಈಗ ಎಲ್ಲಿಯೂ ಉಳಿದಿರಲಿಲ್ಲ. ಇಲ್ಲ ಎಂದು ಹೇಳಬೇಕಾಗಿತ್ತು, ಹೇಳಿದೆ. ಜೋಳದೊಳಗೆ ಆದ ಹೆದರಿಕೆ ಇದರ ಮುಂದೆ ಆಟವಾಗಿತ್ತು.

ಅವಳು ಅಳಲಿಲ್ಲ. ಎದ್ದು ನಿಂತು ಜೋಳದ ಕಡೆ ನೋಡಿದಳು. "ತಮ್ಮಾ, ಈ ಇಪ್ಪತ್ತ ದಿವಸ ಅದನ್ನ ಕೇಳಿ ಕೇಳಿ, ಅವರ ಖರೇ ದನಿ ನೆನಪ ಮಾಡಕೊಳ್ಳಾಕ ಕುಂತ್ರ ಅದ ಬರ್ತೈತಿ. ನೀ ಮಾಡಿದ್ದ. ಮೊದಲಿಂದ ಬರವಲ್ದು. ಚಿಪ್ಪಿನ್ಯಾಗರೆ ಐತಿ ಅಂತ ಧೈರ್ಯ ಇತ್ತು." ನನ್ನ ಕಡೆ ತಿರುಗಿ ಅಂದಳು, "ನನಗ ಈಗ ಅಂಜಿಕಿ ಬರಾಕತ್ತೈತಿ ನೋಡು. ಈಗ."

ಅಂದು ಮಧ್ಯಾಹ್ನವೇ ಖತೀಜಾಬಿಯ ಗುಂಪು ಹೊಲಕ್ಕಿಳಿಯಿತು. ತೆನೆ ಮುರಿಯುವ ಸದ್ದು ಬಸ್ ದಾರಿಯವರೆಗೂ ಕೇಳುತ್ತಿತ್ತು. ಬೆಳೆ ಉಳಿಯಿತು. ಬಸ್ಸಿನಲ್ಲಿ ನನ್ನ ಕೈಯಲ್ಲಿದ್ದದ್ದು ಚಿಪ್ಪು ಮಾತ್ರ.

ಅಳಿಸಿದ ಚಿಪ್ಪಿನಿಂದ ಹಳೆಯದನ್ನು ತೆಗೆಯುವ ಸಾಫ್ಟ್‌ವೇರುಗಳನ್ನು ಹಾಕಿ ನೋಡಿದೆ. ಎರಡು ಭಜನೆಯ ತುಂಡು, ಒಂದು ಟ್ರ್ಯಾಕ್ಟರಿನ ಫೋಟೋ ಸಿಕ್ಕವು. ಆ ಕೂಗು ಇದ್ದ ಜಾಗದಲ್ಲಿ ನನ್ನ ಹೊಸ ಫೈಲೇ ಕೂತಿತ್ತು. ಇನ್ನು ಉಳಿದದ್ದು ಒಂದೇ ದಾರಿ. ಮಾಡಿದ್ದನ್ನು ಹಿಂದಕ್ಕೆ ಬಿಚ್ಚುವುದು. ಅರ್ಧ ವೇಗವನ್ನು ದುಪ್ಪಟ್ಟು ಮಾಡಿದೆ. ಗಂಟಲು ನೆಲದಿಂದ ಮೇಲೆ ಬಂತು, ಮನುಷ್ಯನದಾಯಿತು. ಕೂಗಿನ ಮುಂದೆ ಬರುವ ಪ್ರತಿಧ್ವನಿಯನ್ನು ಕತ್ತರಿಸಿ ಎಸೆದೆ. ಆದರೆ ಕೂಗಿನ ಒಳಗೇ ಹೊಕ್ಕ ಪ್ರತಿಧ್ವನಿ ಬಿಡಲಿಲ್ಲ.

"ಚಟ್ನಿಗೆ ಉಪ್ಪ ಹಾಕಿ ರುಬ್ಬಿ ಆದಮ್ಯಾಲೆ ಉಪ್ಪಷ್ಟ ವಾಪಸ್ ಹೆಂಗ ತಗೀತೀ?" ಅಂದ ನಯೀಮಣ್ಣ. ಬೈಗುಳವೆಲ್ಲ ಮುಗಿದು ಅವನು ಮೆತ್ತಗಾಗಿದ್ದ. ತಾನೂ ಎರಡು ರಾತ್ರಿ ಕೂತು ಅಲ್ಲಿಷ್ಟು ಇಲ್ಲಿಷ್ಟು ತೇದ. ಪ್ರತಿ ಸಲ ತೇಯುವ ಮೊದಲು ಕಾಪಿ ಮಾಡಿಟ್ಟ. ನನ್ನ ಕಡೆ ನೋಡುತ್ತಲೇ ಮಾಡಿಟ್ಟ.

ಮುಂದಿನ ವಾರ ಸಂತೆಯ ದಿನ ನಾಗವ್ವ ಬಂದಳು. ಈ ಸಲ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. ಕುರ್ಚಿಯಲ್ಲಿ ಕೂಡಿಸಿ ಹೆಡ್‌ಫೋನು ಎರಡೂ ಕಿವಿಗೆ ಇಟ್ಟೆ. ಅವಳ ಕೈಗಳು ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿದ್ದವು. ಗುಂಡಿ ಒತ್ತಲು ನನ್ನ ಬೆರಳು ಬರಲಿಲ್ಲ. ನಯೀಮಣ್ಣ ಒತ್ತಿದ.

ನಮಗೆ ಏನೂ ಕೇಳುತ್ತಿರಲಿಲ್ಲ. ಪರದೆಯ ಮೇಲೆ ಗೆರೆ ಸರಿಯುವುದಷ್ಟೇ ಕಾಣುತ್ತಿತ್ತು. ಮೊದಲ ಕೂಗು ಹೋಯಿತು. ಎರಡನೆಯದು. ಅವಳ ಮುಖದಲ್ಲಿ ಏನೂ ಇಲ್ಲ. ಮೂರನೆಯದು. ಆಮೇಲೆ ಗಾಳಿ. ಗೆರೆ ಕೊನೆಯ ಸಣ್ಣ ಗುಡ್ಡಕ್ಕೆ ಬಂದಿತು.

ನಾಗವ್ವ ಥಟ್ಟನೆ ಎದ್ದು ನಿಂತಳು. ಎರಡೂ ಕೈ ಮುಂದೆ ಚಾಚಿ ಮುಷ್ಟಿ ಕಟ್ಟಿದಳು. ಕಿವಿ ಮುಚ್ಚಿದ್ದರಿಂದ ದನಿಯ ಅಳತೆ ತಿಳಿಯಲಿಲ್ಲವೋ ಏನೋ, ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಓ... ಹಿಡದೇನ್ರಿ. ಬರ್ರಿ ಮ್ಯಾಲೆ."

ಮಿರ್ಚಿ ಗಾಡಿಯವನು ಜಾಲರಿ ಬೀಳಿಸಿದ. ನಯೀಮಣ್ಣನ ತುಟಿ ಏನೋ ಪಠಿಸಿದವು. ನಾನು ನೆಲ ನೋಡಿದೆ. ಯಾರಾದರೂ ನಿಜವಾಗಿ ಮೇಲೆ ಬರುತ್ತಾರೆ ಎಂಬ ಹಾಗೆ ಕುರ್ಚಿಯ ಕೆಳಗಿನ ನೆಲವನ್ನೇ ನೋಡಿದೆ. ಪಕ್ಕದ ಸ್ಟೂಲಿನ ಮೇಲೆ ಕೂತು ಕಾಲನ್ನು ಮೇಲಕ್ಕೆ ಎತ್ತಿಕೊಂಡೆ.

ಅವಳು ಹೆಡ್‌ಫೋನು ತೆಗೆದು ಮತ್ತೆ ಕೂತಳು. ಉಸಿರು ಹತ್ತಿತ್ತು. "ಬಾವ್ಯಾಗಿಂದ ಕರದಂಗ ಐತಿ. ಮೋಟರ್ ಇಳಿಸಿ ಆದಮ್ಯಾಲೆ ತಳದಿಂದ ಹಿಂಗ ಕರೀತಿದ್ರು, ಹಗ್ಗ ಎಳೀ ಅಂತ. ಆವಾಗ ನಾ ತಡಾ ಮಾಡ್ತಿದ್ದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಹೊಲದಾಗಿನ ದನಿ ಹೋತು. ಅದನ್ನ ನೀ ಕಳದಿ, ಅದರ ಲೆಕ್ಕಾ ನಿನ್ನ ತಲೀ ಮ್ಯಾಲೆ ಇರಲಿ. ಬಾವ್ಯಾಗಿಂದು ಒಂದ ಉಳೀತು."

"ಹೌದ್ರಿ ಅಕ್ಕಾರ."

"ಎರಡ ಚಿಪ್ಪಿನ್ಯಾಗ ಹಾಕಿಕೊಡು. ಒಂದ ರಟ್ಟೀಹಳ್ಳಿಗೆ ಮಗಳಿಗೆ ಕೊಡ್ತೇನಿ. ಇದು ಹಂದಿಗೆ ಅಲ್ಲ."

"ಹಂದಿಗೆ ಏನ ಮಾಡೂಣ್ರಿ?" ಎಂದು ನಯೀಮಣ್ಣ ಕೇಳಿದ.

ಆ ದಿನ ಮೊದಲ ಸಲ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಂವಂದ ಹಾಕ್ರಿ. ಅವತ್ತ ಜ್ವಾಳದಾಗ ಓ ಅಂದನಲ್ಲ, ಹಂಗ. ಏನೂ ಸೇರಸಬ್ಯಾಡ್ರಿ, ಏನೂ ತಗೀಬ್ಯಾಡ್ರಿ."

ಗಾದಿ ಹೊಡೆದ ಅರ್ಧ ಕೋಣೆಯಲ್ಲಿ ನಿಲ್ಲಿಸಿ ಹನ್ನೊಂದು ಸಲ ಕೂಗಿಸಿದರು. ಹತ್ತರಲ್ಲಿ ಅಂಜಿಕೆ ಸಾಲದು ಅಂದಳು ನಾಗವ್ವ. ಹನ್ನೊಂದನೆಯದಕ್ಕೆ ಮುಂಚೆ ನಯೀಮಣ್ಣ ದೀಪ ಆರಿಸಿ ಬಾಗಿಲು ಹಾಕಿದ. ಅದು ಸರಿ ಬಂತು.

ಈ ಮುಂಗಾರಿನಲ್ಲಿ ಅವಳ ಹೊಲದಲ್ಲಿ ನನ್ನ ಗಂಟಲು ಕಂಬದ ಮೇಲಿದೆ. ಹಂದಿಗಳು ದೂರವೇ ಇವೆ ಎಂದು ನಾಗವ್ವ ಹೇಳಿಕಳಿಸಿದ್ದಾಳೆ. ಖತೀಜಾಬಿಯ ಆಳುಗಳು ಅದು ಕೂಗಿದಾಗಲೆಲ್ಲ ಕೆಲಸ ನಿಲ್ಲಿಸಿ ನಗುತ್ತಾರಂತೆ. ಕೆಲಸದ ಮೇಲೆ ಆ ಕಡೆ ಹೋದರೆ, ತಿಳವಳ್ಳಿ ದಾಟಿ ಹಂಸಭಾವಿ ಹತ್ತಿರ ಬಂದಾಗ ನಾನು ಬಸ್ಸಿನ ಕಿಟಕಿ ಮುಚ್ಚುತ್ತೇನೆ. ಸೆಕೆ ಎಂದು ಪಕ್ಕದವರು ಬೈಯುತ್ತಾರೆ. ಬೈಯಲಿ. ಯಾರೂ ಕರೆಯದೆ ನನ್ನದೇ ದನಿ ಓ ಅನ್ನುವುದನ್ನು ಕೇಳುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ.